ಹದಿನೈದು ಕಲ್ಲಿನ ಮೇಸ್ತ್ರಿ

ನಮ್ಮ ಸರ್ ತೀರಿಕೊಂಡ ಹದಿಮೂರನೆಯ ದಿನದ ಊಟ ಅಮೆರಿಕದ ಹಿಕ್ಸ್‌ವಿಲ್‌ನ ಅವರ ಮನೆಯ ಬೇಸ್‌ಮೆಂಟಿನಲ್ಲಿ ನಡೆಯಿತು. ನನ್ನ ಪಕ್ಕದಲ್ಲಿ ಕೂತಿದ್ದವರು ಅದೇ ಬೀದಿಯ ಇನ್ನೊಂದು ಕನ್ನಡದ ಮನೆಯವರು. ಪಾಯಸ ಬಡಿಸುವಾಗ ಅವರು ಎದುರಿನವರಿಗೆ ಹೇಳಿದರು: "ಅಂಕಲ್ ಮೆಕ್ಸಿಕೋದಲ್ಲಿ ಹಾಳುಬಿದ್ದ ಗುಡಿಗಳನ್ನ ರಿಪೇರಿ ಮಾಡ್ತಿದ್ರಂತೆ. ಒಂಥರಾ ಹಾಬಿ ಇರ್ಬೇಕು, ರಿಟೈರ್ ಆದ್ಮೇಲೆ."

ನಾನು ಪಾಯಸ ಹಾಕಿಸಿಕೊಂಡೆ. ಊಟದ ಹೊತ್ತು. ಆದರೆ ಮನೆಗೆ ಬರುವ ರೈಲಿನ ಉದ್ದಕ್ಕೂ ಆ ಮಾತು ನನ್ನನ್ನು ಬಿಡಲಿಲ್ಲ. ಅದು ಹಾಬಿಯಾಗಿರಲಿಲ್ಲ. ಅವರು ರಿಟೈರ್ ಆಗಿರಲೂ ಇಲ್ಲ. ಇನ್ನು 'ಹಾಳು' ಅನ್ನುವ ಪದವನ್ನು ಅವರ ಎದುರಿಗೆ ಆಡಿದ್ದರೆ ಆ ಪಂಕ್ತಿಯಲ್ಲಿ ಯಾರಿಗೂ ನೆಮ್ಮದಿಯಾಗಿ ಊಟ ಇಳಿಯುತ್ತಿರಲಿಲ್ಲ.

ನಾನು ಅವರ ಕೈಕೆಳಗೆ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಕಂಡದ್ದನ್ನಷ್ಟೇ ಬರೆಯುತ್ತೇನೆ. ಅವರ ಹೆಸರು ಬರೆಯುವುದಿಲ್ಲ; ದುರಸ್ತಿ ಮಾಡಿದ ಗೋಡೆಗೆ ತಮ್ಮ ಹೆಸರಿನ ಫಲಕ ಹಾಕಿಸಿಕೊಳ್ಳುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನಾನು ಅವರನ್ನು ಸರ್ ಅನ್ನುತ್ತಿದ್ದೆ. ಅವರು ನನ್ನನ್ನು 'ತಂಗಿ' ಅನ್ನುತ್ತಿದ್ದರು, ಸಿಟ್ಟು ಬಂದಾಗ ತಮ್ಮ ಊರ ಕಡೆಯ ಮಾತಿನಲ್ಲಿ 'ಬೆಂಗಳೂರವರ' ಎಂದು ಕರೆಯುತ್ತಿದ್ದರು.

ನಮ್ಮದು ನ್ಯೂಜೆರ್ಸಿಯ ಸಣ್ಣ ಕಚೇರಿ. ಹಳೆಯ ಕಲ್ಲಿನ ಕಟ್ಟಡ ಎಲ್ಲಿ ಸವೆದಿದೆ, ಎಲ್ಲಿ ಬಿರಿದಿದೆ, ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳುವುದು ನಮ್ಮ ಕೆಲಸ. ಆಸುಪಾಸಿನ ಊರುಗಳಲ್ಲಿ ಕಂದುಗಲ್ಲಿನ ಚರ್ಚುಗಳು ಬೇಕಾದಷ್ಟಿವೆ. ಆ ಕಲ್ಲು ಪದರ ಪದರವಾಗಿ ಎದ್ದು ಬರುತ್ತದೆ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಅಂಥ ಒಂದು ಗೋಡೆಯ ಮುಂದೆ ನಿಲ್ಲಿಸಿ ಕೇಳಿದರು: "ಇದಕ್ಕ ಏನಾಗ್ಯದ, ಹೇಳು."

ನಾನು ಓದಿಕೊಂಡು ಬಂದದ್ದನ್ನೆಲ್ಲ ಒಪ್ಪಿಸಿದೆ: ತೇವ, ಉಪ್ಪು, ಹಿಮ ಕಟ್ಟಿ ಕರಗುವುದು.

"ಎಲ್ಲಾ ಖರೆ. ಆದ್ರ ಮೊದಲ ತಪ್ಪು ಬ್ಯಾರೆನ ಅದ. ನೆಲದೊಳಗ ಮಲಗಿದ್ದ ಕಲ್ಲನ್ನ ತಂದು ನಿಲ್ಲಿಸ್ಯಾರ. ನಿನ್ನನ್ನ ಇಡೀ ಜನ್ಮ ನಿಂತ ನಿದ್ದಿ ಮಾಡು ಅಂದ್ರ ಮಾಡ್ತೀಯೇನು?"

ಗಣಿಯಲ್ಲಿ ಕಲ್ಲು ಹೇಗೆ ಮಲಗಿತ್ತೋ ಗೋಡೆಯಲ್ಲೂ ಹಾಗೆಯೇ ಮಲಗಬೇಕು ಅನ್ನುವುದು ಈ ಕೆಲಸದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅವರು ಅದನ್ನು ಹೇಳಿದ ಮೇಲೆ ಮಾತ್ರ ನನಗೆ ಆ ಗೋಡೆಯನ್ನು ನೋಡಿ ಕಾಲು ನೋವು ಬಂದಂತಾಯಿತು.

ಕಲ್ಲನ್ನು ಅವರು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಕೈ ಮಗುಚಿ, ಬೆರಳುಗಳ ಹಿಂಬದಿಯನ್ನು ತಾಗಿಸುತ್ತಿದ್ದರು, ಜ್ವರ ನೋಡುವವರ ಹಾಗೆ. ಅಂಗೈಯಲ್ಲಿ ಬೆವರಿರುತ್ತದೆ ಎಂಬುದು ಅವರು ಕೊಡುತ್ತಿದ್ದ ಕಾರಣ. ಆಮೇಲೆ ಗೆಣ್ಣಿನಿಂದ ಎರಡು ಸಲ ತಟ್ಟಿ, ತಲೆ ವಾಲಿಸಿ ಕೇಳುತ್ತಿದ್ದರು. ಪೊಳ್ಳಾದರೆ ತುಟಿ ಒತ್ತುತ್ತಿದ್ದರು. ಗಟ್ಟಿಯಾದರೆ "ಹೂಂ" ಅನ್ನುತ್ತಿದ್ದರು, ಕಲ್ಲಿಗೇ ಉತ್ತರ ಕೊಟ್ಟಂತೆ.

ಚರ್ಚಿನ ಒಳಗೆ ಕೆಲಸವಿದ್ದರೆ ಬಾಗಿಲಲ್ಲಿ ಬೂಟು ಬಿಡುತ್ತಿದ್ದರು. ಒಮ್ಮೆ ಒಬ್ಬ ಪಾದ್ರಿ ಅವರ ಕಾಲುಚೀಲ ನೋಡಿ ಯಾಕೆಂದು ಕೇಳಿದಾಗ ಇಂಗ್ಲಿಷಿನಲ್ಲಿ, ನೆಲದ ಹಳೆಯ ಹಾಸುಗಲ್ಲಿಗೆ ಒಳ್ಳೆಯದು ಅಂದರು. ಪಾದ್ರಿ ತುಂಬ ಮೆಚ್ಚಿಕೊಂಡು ಹೋದ ಮೇಲೆ ನನ್ನ ಕಡೆ ತಿರುಗಿ, "ನಮ್ಮವ್ವ ನೋಡಿದ್ರ ಬೈತಾಳ ಅಂತ ಬಿಟ್ಟೀನಿ. ಹಂಗ ಹೇಳ್ಲಿಕ್ಕೆ ಆಗ್ತದೇನು?" ಅಂದರು. ಆಗ ಅವರಿಗೆ ಅರವತ್ತೆಂಟು. ಅವರ ತಾಯಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು.

ಮೆಕ್ಸಿಕೋದ ಕೆಲಸ ನಮಗೆ ಬಂದದ್ದು ಒಂದು ಭೂಕಂಪದ ನಂತರ. ವಹಾಕ ಪ್ರಾಂತದ ಗುಡ್ಡದ ಮೇಲೆ ಒಂದು ಹಳ್ಳಿ. ಹಳ್ಳಿಯ ನಡುವೆ ಮೆಟ್ಟಿಲುಮೆಟ್ಟಿಲಾಗಿ ಎದ್ದ ಕಲ್ಲಿನ ಜಗತಿ; ಸ್ಪೇನಿನವರು ಬರುವ ಮುಂಚೆ ಅಲ್ಲಿ ದೇವಾಲಯವಿತ್ತು. ಆ ದೇವಾಲಯವನ್ನು ಬೀಳಿಸಿ, ಅದರ ಕಲ್ಲುಗಳಿಂದಲೇ ಪಕ್ಕದಲ್ಲಿ ಚರ್ಚು ಕಟ್ಟಿದ್ದರು. ಭೂಕಂಪಕ್ಕೆ ಚರ್ಚಿನ ಮುಂಬಾಗಿಲಿನ ಕಮಾನು ಬಿರಿದು ಜೋಲಿತ್ತು. ಜನ ಒಳಗೆ ಹೋಗುವ ಹಾಗಿರಲಿಲ್ಲ. ಅಂಗಳದಲ್ಲಿ ತಗಡಿನ ಚಪ್ಪರ ಹಾಕಿ ಪ್ರಾರ್ಥನೆ ನಡೆಸುತ್ತಿದ್ದರು.

ಮೊದಲ ದಿನ ನಾನು ವರದಿಗೆಂದು ಜಗತಿಯ ಫೋಟೊ ತೆಗೆಯುತ್ತಾ, "ಸರ್, ಈ ಹಾಳಿನದ್ದೂ ಅಳತೆ ತಗೋಬೇಕಾ?" ಅಂದೆ.

ಅವರು ಪೆನ್ನು ಮುಚ್ಚಿದರು. "ಏನಂದಿ?"

"ರೂಯಿನ್ಸ್ ಸರ್."

"ಆ ಮೂಲಿ ನೋಡು."

ಜಗತಿಯ ಮೂಲೆಯಲ್ಲಿ ಒಣಗಿದ ಹೂವಿತ್ತು. ಅದರ ಪಕ್ಕದಲ್ಲಿ ಹಸಿ ಹೂವೂ ಇತ್ತು. ಹೊಲಕ್ಕೆ ಹೋಗುವವರು ಇಟ್ಟು ಹೋಗುತ್ತಾರೆಂದು ಆಮೇಲೆ ತಿಳಿಯಿತು. "ಇವತ್ತ ಮುಂಜಾನಿ ಹೂ ಇಟ್ಟಾರ. ನೀ ಹಾಳು ಅಂತೀ. ಜನ ಬಂದು ಹೋಗೋ ಜಾಗಾನ ಹಾಳು ಅಂದ್ರ ಅವರ ಮನೀ ಮುಂದ ನಿಂತು ಬೈದಂಗ. ಮೊದಲ ಆ ಪದಾ ವರದಿಯಿಂದ ತಗಿ."

ತೆಗೆದೆ. ನಮ್ಮ ವರದಿಯಲ್ಲಿ ಅದು ಕೊನೆಯವರೆಗೂ 'ಹಳೆಯ ಜಗತಿ' ಎಂದೇ ಇತ್ತು.

ಚರ್ಚಿನ ಬೀಗದ ಕೈ ಇದ್ದದ್ದು ಒಬ್ಬ ಹೆಂಗಸಿನ ಬಳಿ. ಎಪ್ಪತ್ತು ದಾಟಿದವರು, ಮಾತು ಕಡಿಮೆ, ಸೊಂಟದಲ್ಲಿ ಗೊಂಚಲು. ಸರ್ ಅವರನ್ನು ಅಕ್ಕಾ ಎಂದು ಕನ್ನಡದಲ್ಲೇ ಕರೆದರು. ಅರ್ಥ ಹೇಳಿದ ಮೇಲೆ ಆಕೆ ಅದನ್ನು ಒಪ್ಪಿಕೊಂಡು, ಇವರನ್ನು 'ಮಾಯೆಸ್ತ್ರೊ' ಅನ್ನತೊಡಗಿದರು. ಅಲ್ಲಿ ಕಟ್ಟಡ ಕಟ್ಟುವವನನ್ನೂ ಪಾಠ ಹೇಳುವವನನ್ನೂ ಹಾಗೇ ಕರೆಯುತ್ತಾರೆ. ಸರ್‌ಗೆ ಆದ ಸಂತೋಷ ಹೇಳತೀರದು. "ಕೇಳಿದ್ಯಾ? ನಮ್ಮ ಮೇಸ್ತ್ರಿ, ಇವರ ಮಾಯೆಸ್ತ್ರೊ. ಒಂದ ಮಾತು ಹಡಗ ಹತ್ತಿ ಎರಡೂ ಕಡೆ ಇಳದದ. ನಲವತ್ತು ವರ್ಷ ಅಮೆರಿಕಾದಾಗ ಎಂಜಿನಿಯರ್ ಅನ್ನಿಸಿಕೊಂಡೆ, ಈಗ ನೋಡು ಪ್ರಮೋಷನ್!" ಅದೇ ದಿನ ಅವರು ಬಾಗಿಲಲ್ಲಿ ಬಿಟ್ಟಿದ್ದ ಒಂದು ಬೂಟನ್ನು ಊರ ನಾಯಿ ಕಚ್ಚಿಕೊಂಡು ಹೋಯಿತು. ಉಳಿದ ನಾಲ್ಕು ದಿನ ಹೊಸ ಮೇಸ್ತ್ರಿ ರಬ್ಬರ್ ಚಪ್ಪಲಿಯಲ್ಲಿ ಓಡಾಡಿದರು.

ಕಮಾನನ್ನು ಕಳಚಿ ಮತ್ತೆ ಕಟ್ಟಬೇಕೆಂದು ತೀರ್ಮಾನವಾಯಿತು. ಹದಿನೈದು ಕಲ್ಲು. ಮುಖದ ಮೇಲೆ ತಲೆಮಾರುಗಳ ಸುಣ್ಣ ದಪ್ಪಗೆ ಕೂತು ಸಂದುಗಳೇ ಕಾಣದಾಗಿದ್ದರಿಂದ ಯಾವ ಕಲ್ಲು ಎಲ್ಲಿತ್ತೆಂದು ತಿಳಿಯಲು ಮೊದಲೇ ತೆಗೆದ ಫೋಟೊಗಳಿಂದ ಪ್ರಯೋಜನವಿರಲಿಲ್ಲ. ನಟ್ಟನಡುವಿನ ಕಲ್ಲನ್ನು ಎತ್ತಿದಾಗ ಅದರ ಎಡಮಗ್ಗುಲು ಕಂಡಿತು. ಇಷ್ಟು ಕಾಲ ಪಕ್ಕದ ಕಲ್ಲಿಗೆ ಒತ್ತಿಕೊಂಡಿದ್ದ ಆ ಮಗ್ಗುಲಲ್ಲಿ, ಮೆಟ್ಟಿಲುಗಳು ಸುರುಳಿಯಾಗಿ ತಿರುಗುವ ಹಳೆಯ ದೇವಾಲಯದ ಕೆತ್ತನೆ, ನಿನ್ನೆ ಮೊನ್ನೆ ಕೆತ್ತಿದಷ್ಟು ಚೂಪಾಗಿತ್ತು.

ಎಲ್ಲರೂ ಉಳಿಗಳನ್ನು ಕೆಳಗಿಟ್ಟರು. ಬೀಗದ ಕೈಯ ಅಕ್ಕ ಹತ್ತಿರ ಬಂದು ನೋಡಿ, ಶಿಲುಬೆಯ ಗುರುತು ಮಾಡಿಕೊಂಡು, ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡರು.

ಜಿಲ್ಲೆಯಿಂದ ಬಂದಿದ್ದ ಪ್ರವಾಸಿ ಸಮಿತಿಯವನಿಗೆ ಆ ಕಲ್ಲು ಬೇಕಾಯಿತು. ಕೆತ್ತನೆಯನ್ನು ಹೊರಮುಖ ಮಾಡಿ ಕೂರಿಸಿ, ಇಲ್ಲವಾದರೆ ವಸ್ತುಸಂಗ್ರಹಾಲಯಕ್ಕೆ ಕೊಡಿ, ನೋಡುವವರು ಬರುತ್ತಾರೆ ಅಂದ. ನನಗೂ ಅದೇ ಸರಿ ಅನ್ನಿಸಿತ್ತು. ಊಟದ ಹೊತ್ತಿನಲ್ಲಿ, ಚಪ್ಪರದ ನೆರಳಲ್ಲಿ, ಸ್ವಲ್ಪ ಬಿಸಿಯಾಗಿಯೇ ಹೇಳಿದೆ: "ಒಡೆದು ಕಟ್ಟಿದ್ದಾರೆ ಸರ್. ಒಡೆದದ್ದು ಕಾಣಲಿ ಬಿಡಿ. ಮತ್ತೆ ಯಾಕೆ ಮುಚ್ಚಬೇಕು?"

ಅವರು ಅಲ್ಲಿಯ ಮೆಕ್ಕೆಜೋಳದ ರೊಟ್ಟಿಗೆ ಹಿಕ್ಸ್‌ವಿಲ್‌ನಿಂದ ತಂದ ಶೇಂಗಾ ಚಟ್ನಿಪುಡಿ ಹಚ್ಚುತ್ತಿದ್ದರು. ರೊಟ್ಟಿ ಮಡಿಸಿ ಒಂದು ತುತ್ತು ತಿಂದು ಹೇಳಿದರು.

"ಒಡೀರಿ ಅಂದವನ ಬಾಯಿ ಬ್ಯಾರೆ. ಕಲ್ಲು ಹೊತ್ತು ಇಟ್ಟ ಕೈ ಇವರ ಮುತ್ತಜ್ಜಂದಿರದ್ದು. ಉಳಿ ಅವರ ಕೈಯಾಗ ಇತ್ತು, ಕೆತ್ತನಿ ಉಜ್ಜಿ ತಗೀಬಹುದಿತ್ತು. ತಗೀಲಿಲ್ಲ. ಒಳಗ ತಿರುಗಿಸಿ ಇಟ್ಟರು. ಮುಚ್ಚಿ ಕಾಪಾಡಿದರೋ, ಅಂಜಿ ಅಡಗಿಸಿದರೋ, ಆ ಮಗ್ಗಲು ಸಪಾಟ ಅದ ಅಂತ ಹಂಗ ಇಟ್ಟರೋ. ನಂಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹೊರಗ ತಿರುಗಸ್ಲಿಕ್ಕೆ ನಾ ಯಾರು?"

ಸಂಜೆ ಅಕ್ಕ ಬಂದು ನೇರವಾಗಿ ಕೇಳಿದರು. ನನಗೆ ಬರುವ ಸ್ಪ್ಯಾನಿಷಿನಲ್ಲಿ ನಾನೇ ಮಾತು ದಾಟಿಸಿದೆ: ಮಾಯೆಸ್ತ್ರೊ, ಕಲ್ಲು ವಾಪಸು ಅದೇ ಜಾಗಕ್ಕೆ ಬರುತ್ತದೆಯೇ?

"ಅದ ಜಾಗಾ. ಅದ ಮಗ್ಗಲು. ಉಳಿ ಹಚ್ಚಂಗಿಲ್ಲ ಅಂತ ಹೇಳು," ಅಂದರು. ಹೇಳಿದೆ. ಆಕೆ ತಲೆಯಾಡಿಸಿ ಹೋದರು. ಬರೆದುಕೊಡಿ ಎಂದು ಕೇಳಲಿಲ್ಲ. ಸಮಿತಿಯವನ ಜೊತೆ ಆ ಮೇಲೆ ಎರಡು ತಿಂಗಳು ಪತ್ರ ಬರೆದು ಬರೆದು ಸರ್ ಆ ಮಾತನ್ನು ಉಳಿಸಿಕೊಂಡರು.

ಇನ್ನು ಅಂಕಿಗಳ ವಿಷಯ ಹೇಳಬೇಕು. ಹಿಂದೆ ಯಾವಾಗಲೋ ನಡೆದ ದುರಸ್ತಿಯಲ್ಲಿ ಯಾರೋ ಕೆಲವು ಕಲ್ಲುಗಳ ಮೇಲೆ ಮಾಮೂಲಿ ಅಂಕಿಗಳನ್ನು ಬಣ್ಣದಲ್ಲಿ ಬರೆದಿದ್ದರು, ಒಂದಕ್ಕೊಂದು ತಾಳೆಯಾಗದಂತೆ. ಅದರ ಜೊತೆ ಕಲಸಿಹೋಗಬಾರದೆಂದು ಸರ್ ಕೆಂಪು ಸೀಮೆಸುಣ್ಣದಲ್ಲಿ ಕನ್ನಡದ ಅಂಕಿ ಬರೆದರು. ಕಳಚಿದ ಕ್ರಮದಲ್ಲಿ ೧, ೨, ೩. ಯಾವ ಅಂಕಿಯ ಕಲ್ಲು ಕಮಾನಿನಲ್ಲಿ ಎಲ್ಲಿತ್ತು ಎಂಬುದನ್ನು ಎಡದಿಂದ ಬಲಕ್ಕೆ ಸಾಲಾಗಿ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಎಡಕ್ಕೊಂದು ಬಲಕ್ಕೊಂದು ಎಂದು ಶುರುವಾದದ್ದು, ಒಂದೆರಡು ಕಲ್ಲು ಹಟ ಹಿಡಿದು ಬರದೆ, ಕ್ರಮ ತಪ್ಪಿತ್ತು. ಆದ್ದರಿಂದ ಆ ಸಾಲು ಒಂದೇ ದಾರಿ.

"ನಿಂಗ ಕನ್ನಡ ಅಂಕಿ ಬರ್ತಾವ ಹೌದಿಲ್ಲೋ?" ಎಂದು ಅವತ್ತೇ ಕೇಳಿದ್ದರು.

"ಏನ್ ಸರ್ ನೀವು, ಅಷ್ಟೂ ಬರಲ್ವಾ?" ಅಂದೆ.

ಬರುತ್ತಿರಲಿಲ್ಲ. ನಾನು ಬೆಂಗಳೂರಿನಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಕನ್ನಡ ಓದುತ್ತೇನೆ, ಬರೆಯುತ್ತೇನೆ. ಆದರೆ ಅಂಕಿಗಳನ್ನು ಕಂಡದ್ದು ಬಸ್ಸಿನ ಹಣೆಯ ಮೇಲೆ ಮಾತ್ರ, ಅದೂ ಪಕ್ಕದಲ್ಲಿರುವ ಇಂಗ್ಲಿಷ್ ಅಂಕಿ ನೋಡಿಕೊಂಡು. ಒಂದರಿಂದ ಐದು, ಆಮೇಲೆ ಏಳು, ಎಂಟು ಹೇಗೋ ಗುರುತಿಸುತ್ತಿದ್ದೆ. ೬ ಮತ್ತು ೯ ನನಗೆ ಯಾವತ್ತೂ ಒಂದೇ. ಬಾಲ ಎತ್ತ ತಿರುಗುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆಯೆಂದು ಗೊತ್ತಿತ್ತು, ಎತ್ತ ಎಂಬುದು ಗೊತ್ತಿರಲಿಲ್ಲ. 'ಬೆಂಗಳೂರವರ' ಅನ್ನಿಸಿಕೊಳ್ಳಲು ಅವತ್ತು ಮನಸ್ಸಿರಲಿಲ್ಲ, ಅಷ್ಟೇ. ಹೇಗೂ ಕಟ್ಟುವಾಗ ಅವರಿರುತ್ತಾರೆ.

ಅವರು ಇರಲಿಲ್ಲ.

ಚಳಿಗಾಲ ಇನ್ನೂ ಶುರುವಾಗಿರದ ಒಂದು ಶನಿವಾರ, ಮಧ್ಯಾಹ್ನ ಹನ್ನೆರಡು ದಾಟಿತ್ತು. ಫ್ಲೋರಲ್ ಪಾರ್ಕಿನ ಹಿಲ್‌ಸೈಡ್ ಅವೆನ್ಯೂದ ನಮ್ಮವರ ಕಿರಾಣಿ ಅಂಗಡಿಯೊಂದರಲ್ಲಿ ನಾವಿಬ್ಬರೂ ಇದ್ದೆವು. ಅವರು ಜೋಳದ ಹಿಟ್ಟು ತರಲು ಬಂದಿದ್ದರು, ನಾನು ನಕ್ಷೆಗಳನ್ನು ಕೊಡಲು. ಕಪಾಟಿನ ಮುಂದೆ ನಿಂತು ನನ್ನ ಕಡೆ ತಿರುಗಿ, "ತಂಗಿ, ಎರಡು ಪಾಕೀಟ ಬಾಗಿಲಾ ತೊಗೊ," ಅಂದರು.

ನಾನು ನಕ್ಕೆ. ಇದನ್ನು ಬರೆಯಲೇಬೇಕು. "ಇನ್ನೂ ಚರ್ಚಲ್ಲೇ ಇದ್ದೀರಾ ಸರ್?" ಅಂದು ನಕ್ಕು, ಜೋಳದ ಹಿಟ್ಟಿನ ಎರಡು ಪ್ಯಾಕೆಟ್ ಎತ್ತಿ ಬುಟ್ಟಿಗೆ ಹಾಕಿದೆ. ಅವರೂ ನಕ್ಕರು. ನಗು ಮುಖದ ಒಂದೇ ಕಡೆ ಬಂತು. ಆಮೇಲೆ ಬಲಗೈಯಿಂದ ಬುಟ್ಟಿ ಜಾರಿತು. "ಬಾಗಿಲು," ಅಂದರು, ಏನನ್ನೋ ತಿದ್ದುವವರಂತೆ. ಮತ್ತೆ "ಬಾಗಿಲು." ಅಷ್ಟರಲ್ಲಿ ನಾನು ಫೋನ್ ತೆಗೆದಿದ್ದೆ. ಆಂಬುಲೆನ್ಸ್ ಬೇಗ ಬಂತು. ಎರಡು ಪ್ಯಾಕೆಟ್ ಎತ್ತಿ ಬುಟ್ಟಿಗೆ ಹಾಕುವಷ್ಟು ಹೊತ್ತು ತಡವಾದದ್ದರಿಂದ ಏನೂ ವ್ಯತ್ಯಾಸವಾಗಿರುವುದಿಲ್ಲ ಎಂದು ಡಾಕ್ಟರು ಹೇಳಿದರು. ಆ ಎರಡು ಪ್ಯಾಕೆಟ್ಟಿನ ತೂಕ ನನ್ನ ಕೈಗೆ ಈಗಲೂ ಗೊತ್ತಿದೆ.

ಪಾರ್ಶ್ವವಾಯು ಅವರ ಬಲಗೈಯನ್ನೂ ಮಾತನ್ನೂ ತೆಗೆದುಕೊಂಡಿತು. ಅರ್ಥವಾಗುತ್ತಿತ್ತು, ಆಡಲಾಗುತ್ತಿರಲಿಲ್ಲ. ರೀಹ್ಯಾಬಿನಲ್ಲಿ ಮಾತು ಕಲಿಸುವ ಹುಡುಗಿ ಕಪ್ಪಿನ ಚಿತ್ರ ತೋರಿಸಿದರೆ "ಬಾಗಿಲು", ನಾಯಿಯ ಚಿತ್ರ ತೋರಿಸಿದರೆ "ಬಾಗಿಲು". ಆಡಿದ ಮೇಲೆ ತಪ್ಪೆಂದು ತಿಳಿದು ಕಣ್ಣು ಮುಚ್ಚುತ್ತಿದ್ದರು. ಅವರ ಹೆಂಡತಿಯನ್ನು ನಾನು ಆಂಟಿ ಅನ್ನುತ್ತೇನೆ. ಆಂಟಿ ದಿನವೂ ಬೆಳಿಗ್ಗೆ ಹೋಗಿ ಸಂಜೆಯವರೆಗೆ ಅಲ್ಲೇ ಇರುತ್ತಿದ್ದರು.

ಕಮಾನು ಕೂರಿಸುವ ದಿನ ಬಂದಾಗ ನೋಟ್‌ಬುಕ್ಕು ಹಿಡಿದು ನಾನೊಬ್ಬಳೇ ಹೋದೆ. ಮೂರು ದಿನಕ್ಕೆ ಆ ಊರ ಸಂತನ ಹಬ್ಬ. ಹದಿನಾಲ್ಕು ತಿಂಗಳಿನಿಂದ ಮುಚ್ಚಿದ್ದ ಬಾಗಿಲನ್ನು ಅವತ್ತು ತೆರೆಯಬೇಕೆಂದು ಊರಿನವರೆಲ್ಲ ಕಾಯುತ್ತಿದ್ದರು. ಕಮಾನನ್ನು ಹೊರುವ ಮರದ ಸೆಂಟ್ರಿಂಗ್ ಸಿದ್ಧವಾಗಿತ್ತು. ಗಾರೆ ಹಾಕುವ ಮುಂಚೆ ಒಮ್ಮೆ ಎಲ್ಲ ಕಲ್ಲನ್ನೂ ಒಣದಾಗಿ ಕೂರಿಸಿ ನೋಡುವುದು ಪದ್ಧತಿ. ಎಡದಿಂದ ಏಳು, ಬಲದಿಂದ ಏಳು ಏರಿದವು. ನಟ್ಟನಡುವಿನ ಕಲ್ಲನ್ನು ಸರಪಳಿಯಲ್ಲಿ ಇಳಿಸಿದರು. ಅದು ಕೂರಲಿಲ್ಲ. ಎರಡು ಬೆರಳು ಮೇಲೇ ನಿಂತಿತು.

ಅಲ್ಲಿಯ ಮೇಸ್ತ್ರಿ ಐವತ್ತರ ಆಸುಪಾಸಿನವನು, ಒಳ್ಳೆಯ ಕೆಲಸಗಾರ. ಕಲ್ಲಿನ ಎಡಮಗ್ಗುಲು ತೋರಿಸಿ, ಇಲ್ಲಿ ಒಂದು ಬೆರಳು ಕೆತ್ತಿದರೆ ಕೂರುತ್ತದೆ, ಒಂದು ಗಂಟೆಯ ಕೆಲಸ ಅಂದ. ಎಡಮಗ್ಗುಲಲ್ಲಿ ಆ ಕೆತ್ತನೆಯಿತ್ತು.

"ಅದು ಹೋಗುತ್ತಲ್ಲ," ಅಂದೆ.

"ಸೆನ್ಯೋರಾ, ಅದು ಹೇಗೂ ಒಳಗೇ ಇರುತ್ತೆ. ಯಾರು ನೋಡುತ್ತಾರೆ? ದೇವರು ನೋಡಿಯಾಗಿದೆ."

ಸುತ್ತ ಇದ್ದವರು ನಕ್ಕರು. ಅಕ್ಕ ನಗಲಿಲ್ಲ, ನನ್ನ ಮುಖ ನೋಡುತ್ತಾ ನಿಂತರು. ಕಲ್ಲು ಕೂಡದಿದ್ದರೆ ತಪ್ಪು ನಮ್ಮಲ್ಲಿ ಹುಡುಕು ಎಂದು ಸರ್ ನನಗೆ ಎಷ್ಟು ಸಲ ಹೇಳಿದ್ದರೋ. ಎಲ್ಲಿ ಹುಡುಕಬೇಕೆಂದು ನನಗೆ ಗೊತ್ತಿತ್ತು. ನೋಟ್‌ಬುಕ್ಕಿನ ಸಾಲಿನಲ್ಲಿ ಎಡಗಡೆ ಒಂದು, ಬಲಗಡೆ ಒಂದು, ನಾನು ಊಹೆಯ ಮೇಲೆ ಓದಿದ ಅಂಕಿಗಳಿದ್ದವು. ಫೋನಿನಲ್ಲಿ ಕನ್ನಡ ಅಂಕಿಗಳ ಪಟ್ಟಿ ತೆಗೆದು ನೋಡಿದೆ. ಅಚ್ಚಿನ ಅಂಕಿ ಬೇರೆ, ಅವಸರದಲ್ಲಿ ಬರೆದ ಅವರ ಕೈಯ ಅಂಕಿ ಬೇರೆ. ಕಲ್ಲಿನ ಮೇಲಂತೂ ಸೀಮೆಸುಣ್ಣ ಉಜ್ಜಿ ಬಾಲಗಳು ಅರ್ಧ ಹೋಗಿದ್ದವು. ಅದಲುಬದಲು ಮಾಡಿ ನೋಡೋಣವೆಂದರೆ, ತಪ್ಪು ಆ ಎರಡರಲ್ಲೇ ಇದೆಯೆಂದು ಏನು ಖಾತ್ರಿ? ಒಂದೊಂದು ಕಲ್ಲನ್ನು ಇಳಿಸಿ ಏರಿಸಲು ಆರು ಜನ ಬೇಕು.

ಆಂಟಿಗೆ ವಿಡಿಯೊ ಕಾಲ್ ಮಾಡಿದೆ. ಅಂಕಿ ಓದಲು ಬರುತ್ತದೆಂದು ಹೇಳಿದ್ದ ನನ್ನ ಸುಳ್ಳನ್ನು ಒಪ್ಪಿಕೊಂಡೆ. ಆಂಟಿ ಬೈಯಲಿಲ್ಲ.

"ನಾನೇ ಓದ್ತಿದ್ದೆ, ಆದ್ರ ಅವರ ಅಕ್ಷರ ನಂಗ ಯಾವತ್ತ ತಿಳದದ? ಕಿರಾಣಿ ಚೀಟಿನೇ ತಿಳೀತಿರಲಿಲ್ಲ. ತಡಿ, ಅವರಿಗೇ ತೋರಸ್ತೀನಿ."

ತೆರೆಯ ಮೇಲೆ ಸರ್ ಬಂದರು. ತುಂಬ ಇಳಿದಿದ್ದರು. ನಾನು ಫೋನನ್ನು ಕಲ್ಲಿನ ಗುರುತಿನ ಹತ್ತಿರ ಹಿಡಿದೆ. ಅವರ ಕಣ್ಣು ಅದನ್ನು ಹಿಡಿದದ್ದು ಕಂಡಿತು. "ಬಾಗಿಲು," ಅಂದರು. ಕಣ್ಣು ಮುಚ್ಚಿದರು. ಮತ್ತೆ, ಜೋರಾಗಿ, "ಬಾಗಿಲು!"

"ಸಾಕು ಆಂಟಿ, ಬೇಡ," ಅಂದೆ.

"ನಿಲ್ಲವಾ. ಇವರನ್ನ ಕುರ್ಚಿಯಿಂದ ಎಬ್ಬಸೋವಾಗ ನಾನು ಒಂದು, ಎರಡು, ಮೂರು ಅಂತೀನಿ. ನಾಕಕ್ಕ ತಾವ ಸುರು ಮಾಡ್ತಾರ, ಇಪ್ಪತ್ತರ ತನಕ ಹೋಗ್ತಾರ. ಒಂದೊಂದ ಬಿಡಿ ಅಂಕಿ ಬರಂಗಿಲ್ಲ, ಸಾಲು ಬರ್ತದ." ಆಂಟಿ ಅವರ ಎಡಗೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡರು. "ಕೇಳ್ರಿ ಇಲ್ಲೆ. ಎಣಸೂಣು. ಅದು ಬಂದ ಕೂಡ್ಲೆ ನನ್ನ ಕೈ ಹಿಚುಕ್ರಿ. ಒಂದು..."

ನಾನು ತಡೆದೆ. ಮೊದಲು ನನಗೆ ಖಾತ್ರಿಯಿರುವ ಅಂಕಿ ತೋರಿಸಿ ನೋಡಬೇಕು. ೪ ಎಂದು ಬರೆದಿದ್ದ ಕಲ್ಲಿಗೆ ಫೋನ್ ಹಿಡಿದೆ.

"ಒಂದು," ಅಂದರು ಆಂಟಿ. "ಎರಡು, ಮೂರು," ಎಂದು ಸರ್ ಸೇರಿಕೊಂಡರು. ಆ ಧ್ವನಿಯಲ್ಲಿ 'ಬಾಗಿಲು' ಅಲ್ಲದ ಮಾತು ಕೇಳಿ ಎಷ್ಟು ತಿಂಗಳಾಗಿತ್ತು. "ನಾಕು."

"ಹಿಚುಕಿದ್ರು," ಅಂದರು ಆಂಟಿ.

ಆಮೇಲೆ ಎಡಗಡೆ ನಾನು ಕೂರಿಸಿದ್ದ ಕಲ್ಲು. ಒಂದು, ಎರಡು, ಮೂರು, ನಾಕು, ಐದು, ಆರು, ಏಳು, ಎಂಟು, ಒಂಬತ್ತು. ಹಿಚುಕಿದರು. ಬಲಗಡೆಯ ಕಲ್ಲು. ಆರಕ್ಕೆ ಹಿಚುಕಿದರು. ನೋಟ್‌ಬುಕ್ಕಿನ ಸಾಲನ್ನೂ ತೋರಿಸಿದೆ. ಎಡಗಡೆಯ ಅಂಕಿ: ಆರು. ಬಲಗಡೆಯದು: ಒಂಬತ್ತು. ಎರಡು ಕಲ್ಲು, ಎರಡು ಬರಹ, ನಾಲ್ಕನ್ನೂ ಇನ್ನೊಮ್ಮೆ ಕೇಳಿದೆ. ನಾಲ್ಕಕ್ಕೂ ಅದೇ ಉತ್ತರ. ಮೂರನೆಯ ಸಲ ಕೇಳಲು ಹೋದಾಗ ಸರ್ ಎಡಗೈಯನ್ನು ಬಿಡಿಸಿಕೊಂಡು, ನನ್ನ ಕಡೆ ಒಮ್ಮೆ ಬೀಸಿದರು. ಕಚೇರಿಯಲ್ಲಿ ನಾನು ಕೇಳಿದ್ದನ್ನೇ ಕೇಳಿದಾಗ ಬೀಸುತ್ತಿದ್ದ ಹಾಗೆಯೇ.

"ಬೆಂಗಳೂರವರ ಅನ್ಲಿಕ್ಕೆ ಹತ್ಯಾರ ನೋಡು," ಅಂದರು ಆಂಟಿ. ಅವರು ಅಳುತ್ತಿದ್ದರು, ನಗುತ್ತಲೂ ಇದ್ದರು.

ಎರಡು ಕಲ್ಲನ್ನು ಬದಲಿಸಲು ಮೂರು ಗಂಟೆ ಹಿಡಿಯಿತು. ನಟ್ಟನಡುವಿನ ಕಲ್ಲನ್ನು ಮತ್ತೆ ಇಳಿಸಿದರು. ಅದು ಇಳಿದು, ನಿಂತು, ಮತ್ತೆ ಒಂದು ಕೂದಲೆಳೆಯಷ್ಟು ಇಳಿಯಿತು. ಪುಸ್ತಕ ಮುಚ್ಚಿದಂಥ ಸಣ್ಣ ಸದ್ದು. ಅಲ್ಲಿಯ ಮೇಸ್ತ್ರಿ ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಫೋನಿನಲ್ಲಿದ್ದ ಮನುಷ್ಯ ಯಾವ ದೇವರನ್ನು ಕರೆಯುತ್ತಿದ್ದ ಎಂದು ಕೇಳಿದ. ಎಣಿಸುತ್ತಿದ್ದರು ಅಂದೆ. ಅವನು ನಂಬಲಿಲ್ಲ.

ಸರ್ ಆಮೇಲೆ ಎಂಟು ತಿಂಗಳು ಬದುಕಿದ್ದರು. ಬಿಡಿ ಮಾತುಗಳು ಹನ್ನೆರಡೋ ಹದಿಮೂರೋ ವಾಪಸು ಬಂದವು. ನನ್ನ 'ತಂಗಿ' ಬಂದಿತು. ಅಂಕಿಗಳು ಬಿಡಿಯಾಗಿ ಬರಲೇ ಇಲ್ಲ. ನನ್ನಿಂದ ಅವರು ಕಾಗದದ ಮೇಲೆ ಎಡಗೈಯಲ್ಲೇ ಒಂದರಿಂದ ಹತ್ತರವರೆಗೆ ಕನ್ನಡದ ಅಂಕಿ ಬರೆಯಿಸಿದರು, ತಪ್ಪಾದರೆ ಹೊಡೆದುಹಾಕಿ ಮತ್ತೆ ಬರೆಯಿಸಿದರು. ನಾನು ಬಲಗೈಯವಳು. ತಾವು ಎಡಗೈಯಲ್ಲಿ ಬರೆಯಬೇಕಾದರೆ ನಾನೂ ಎಡಗೈಯಲ್ಲೇ ಬರೆಯಲಿ ಎಂಬ ನ್ಯಾಯ ಅವರದ್ದಿರಬೇಕು.

ಈ ವರ್ಷ ಏಪ್ರಿಲಿನಲ್ಲಿ ಆಂಟಿ ತಾವೂ ಆ ಹಳ್ಳಿಗೆ ಬರುವುದಾಗಿ ಹೇಳಿದರು. ಕರೆದುಕೊಂಡು ಹೋದೆ. ಚರ್ಚಿನ ಬಾಗಿಲು ತೆರೆದಿತ್ತು. ಹಬ್ಬಕ್ಕೆ ಊರಿನವರು ಇಡೀ ಮುಂಗೋಡೆಗೆ ಮತ್ತೆ ಸುಣ್ಣ ಬಳಿದಿದ್ದರು. ಆಂಟಿ ಹೊಸ್ತಿಲ ಈಚೆ ನಿಂತು ತಲೆ ಎತ್ತಿ ಬಹಳ ಹೊತ್ತು ನೋಡಿದರು.

"ಯಾವ ಕಲ್ಲವಾ, ನೀ ತಪ್ಪಿಸಿದ್ದು?"

ನಾನು ಎಡಗಡೆ ನೋಡಿದೆ, ಬಲಗಡೆ ನೋಡಿದೆ. ಇಡೀ ಕಮಾನು ಒಂದೇ ಬಿಳಿ ಪಟ್ಟಿಯಾಗಿತ್ತು. ಸಂದುಗಳು ಕಾಣುತ್ತಿರಲಿಲ್ಲ. ಬೆರಳು ಎತ್ತಿದ್ದೆ, ಕೆಳಗಿಳಿಸಿದೆ.

"ಗೊತ್ತಾಗ್ತಿಲ್ಲ ಆಂಟಿ."

"ಕೆತ್ತನಿ ಇದ್ದದ್ದು?"

"ಅದೂ ಕಾಣಲ್ಲ."

"ನಲವತ್ತು ವರ್ಷ ಹಿಂಗ," ಅಂದರು ಆಂಟಿ. "ನೋಡು ಬಾ ನೋಡು ಬಾ ಅಂತ ಎಲ್ಲೆಲ್ಲಿಗೋ ಕರಕೊಂಡ ಹೋಗ್ತಿದ್ರು. ಹೋಗಿ ನೋಡಿದ್ರ ಏನೂ ಇರ್ತಿರಲಿಲ್ಲ. ಬರೇ ಗ್ವಾಡಿ."

ಒಳಗೆ ಗಂಟೆ ಹೊಡೆಯಿತು. ಬೀಗದ ಕೈಯ ಅಕ್ಕ ಬಂದು ನಮ್ಮಿಬ್ಬರ ತೋಳು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ನಾವು ಬಾಗಿಲಿಗೆ ಅಡ್ಡ ನಿಂತಿದ್ದೆವು. ಹೆಂಗಸರು, ಕೂಸು ಹೊತ್ತವರು, ಹೊಲದಿಂದ ನೇರ ಬಂದ ಗಂಡಸರು ಒಬ್ಬರ ಹಿಂದೊಬ್ಬರು ಕಮಾನಿನ ಕೆಳಗೆ ಹಾದು ಒಳಗೆ ಹೋದರು. ಕೊನೆಯವನು ಹೋಗುವವರೆಗೂ ಆಂಟಿ ನೋಡುತ್ತಿದ್ದರು. ಅವರಲ್ಲಿ ಯಾರೂ ತಲೆ ಎತ್ತಿ ಮೇಲೆ ನೋಡಲಿಲ್ಲ.